ಮಗುವಿಗೆ ಹುಷಾರಿಲ್ಲ, ಶಾಲೆಗೆ ಕಳುಹಿಸಬೇಕೇ? ಹಾಜರಿ, ಅನಾರೋಗ್ಯ, ರಜೆ: ಪೋಷಕರಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳ ಹಾಜರಿಯ ವಿಷಯದಲ್ಲಿ ಮನೆಗಳು ಎರಡು ಬಗೆಯಲ್ಲಿ ಎಡವುತ್ತವೆ. ಜ್ವರವಿದ್ದರೂ ಒಂದು ಮಾತ್ರೆ ನುಂಗಿಸಿ, ‘ಪಾಠ ತಪ್ಪಬಾರದು’ ಎಂದು ಕಳುಹಿಸುವುದು ಒಂದು ಬಗೆ. ನಾಲ್ಕು ಸೀನು ಬಂದರೆ, ಮಳೆ ಜೋರಾದರೆ, ನೆಂಟರು ಬಂದರೆ ‘ಒಂದು ದಿನ ತಾನೇ’ ಎಂದು ಉಳಿಸಿಕೊಳ್ಳುವುದು ಇನ್ನೊಂದು. ಎಷ್ಟೋ ಮನೆಗಳಲ್ಲಿ ಎರಡೂ ಇವೆ: ಪರೀಕ್ಷೆಯ ತಿಂಗಳಲ್ಲಿ ಮೊದಲನೆಯದು, ಉಳಿದ ದಿನಗಳಲ್ಲಿ ಎರಡನೆಯದು. ಮೊದಲನೆಯದರಿಂದ ತರಗತಿಯ ಇತರ ಮಕ್ಕಳಿಗೆ ತೊಂದರೆ, ಎರಡನೆಯದರಿಂದ ನಮ್ಮ ಮಗುವಿಗೇ ನಷ್ಟ.

ಬೆಳಗಿನ ಗಡಿಬಿಡಿಯಲ್ಲಿ, ಬಸ್ ಬರುವ ಹೊತ್ತಿಗೆ, ಈ ತೀರ್ಮಾನ ಸರಿಯಾಗಿ ಆಗುವುದು ಕಷ್ಟ. ನಿಯಮ ಮೊದಲೇ ಗೊತ್ತಿದ್ದರೆ ಯೋಚಿಸಬೇಕಾದದ್ದು ತೀರ ಕಡಿಮೆ.

ಹೆಜ್ಜೆ 1: ಕಾಯಿಲೆ ಬರುವ ಮೊದಲೇ ಶಾಲೆಯ ನಿಯಮ ತಿಳಿದುಕೊಳ್ಳಿ

ಶಾಲೆ ಶುರುವಾದ ಮೊದಲ ವಾರದಲ್ಲೇ ಇಷ್ಟು ಕೇಳಿ ಬರೆದಿಟ್ಟುಕೊಳ್ಳಿ. ಮಗು ಬರುವುದಿಲ್ಲವೆಂದು ಯಾರಿಗೆ ತಿಳಿಸಬೇಕು, ತರಗತಿ ಶಿಕ್ಷಕರಿಗೋ ಕಚೇರಿಗೋ? ಎಷ್ಟು ಗಂಟೆಯೊಳಗೆ? ಮೊಬೈಲ್ ಸಂದೇಶ ಸಾಕೇ, ರಜಾ ಚೀಟಿಯೂ ಬೇಕೇ? ಎಷ್ಟು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ? ತಡವಾಗಿ ಬಂದರೆ ಯಾವ ಹೊತ್ತಿನ ನಂತರ ಅರ್ಧ ದಿನದ ಗೈರುಹಾಜರಿ ಎಂದು ಬರೆಯುತ್ತಾರೆ? ಶಾಲೆಯಲ್ಲಿ ಔಷಧ ಕೊಡುವ ವ್ಯವಸ್ಥೆ ಇದೆಯೇ? ಪರೀಕ್ಷೆಯ ದಿನ ಕಾಯಿಲೆ ಬಿದ್ದರೆ ಏನು ಮಾಡುತ್ತಾರೆ?

ನೀವು ಶಾಲೆಗೆ ಕೊಡಬೇಕಾದ ಮಾಹಿತಿಯೂ ಇದೆ. ಕರೆ ಮಾಡಿದರೆ ಖಂಡಿತ ಎತ್ತುವ ಎರಡು ಫೋನ್ ಸಂಖ್ಯೆ, ನೀವು ಸಿಗದಿದ್ದಾಗ ಮಗುವನ್ನು ಕರೆದೊಯ್ಯಬಹುದಾದ ಒಬ್ಬರ ಹೆಸರು, ಮಗುವಿಗಿರುವ ಅಲರ್ಜಿ, ಉಬ್ಬಸ, ಫಿಟ್ಸ್‌ನಂತಹ ತೊಂದರೆಗಳು. ಫೋನ್ ಸಂಖ್ಯೆ ಬದಲಾದರೆ ಅದೇ ದಿನ ತಿಳಿಸಿ. ಜ್ವರದಿಂದ ನಡುಗುತ್ತಿರುವ ಮಗುವಿನ ಪಕ್ಕದಲ್ಲಿ ಕುಳಿತು ಚಾಲ್ತಿಯಲ್ಲಿಲ್ಲದ ಸಂಖ್ಯೆಗೆ ಮತ್ತೆ ಮತ್ತೆ ಕರೆ ಮಾಡುವ ಸಂಕಟ ಯಾವ ಶಿಕ್ಷಕಿಗೂ ಬರಬಾರದು.

ಹೆಜ್ಜೆ 2: ಆ ಬೆಳಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ

ಮಗು ತರಗತಿಯಲ್ಲಿ ಕುಳಿತು ಪಾಠ ಕೇಳುವ ಸ್ಥಿತಿಯಲ್ಲಿದೆಯೇ? ಈ ಕಾಯಿಲೆ ಬೇರೆಯವರಿಗೆ ಹರಡುವಂಥದ್ದೇ? ಶಿಕ್ಷಕರು ಉಳಿದ ಮಕ್ಕಳ ನಡುವೆ ಕೊಡಲಾಗದಷ್ಟು ಆರೈಕೆ ಮಗುವಿಗೆ ಬೇಕಾಗುತ್ತದೆಯೇ?

ಮೊದಲನೆಯದಕ್ಕೆ ‘ಹೌದು’, ಉಳಿದೆರಡಕ್ಕೆ ‘ಇಲ್ಲ’ ಎಂದಾದರೆ ಕಳುಹಿಸಿ. ಜ್ವರವಿಲ್ಲದ ಸಣ್ಣ ನೆಗಡಿ, ಸ್ವಲ್ಪ ಕೆಮ್ಮು, ತಿಂಡಿ ತಿಂದ ಮೇಲೆ ಕಡಿಮೆಯಾದ ತಲೆನೋವು, ಇವು ರಜೆಗೆ ಕಾರಣವಲ್ಲ. ಚಿಕ್ಕ ಮಕ್ಕಳಿಗೆ ವರ್ಷದಲ್ಲಿ ಹಲವು ಬಾರಿ ನೆಗಡಿ ಬರುವುದು ಸಹಜ. ಪ್ರತಿ ಬಾರಿಯೂ ಮೂಗು ಒಣಗುವವರೆಗೆ ಕಾದರೆ ವಾರಗಟ್ಟಲೆ ಪಾಠ ಹೋಗುತ್ತದೆ.

ಜ್ವರದ ಮಾತು ಬೇರೆ. ಕೈಯಿಂದ ಹಣೆ ಮುಟ್ಟಿ ತೀರ್ಮಾನಿಸಬೇಡಿ, ಥರ್ಮಾಮೀಟರ್ ಬಳಸಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಜ್ವರ; ಮಗು ಮನೆಯಲ್ಲಿರಲಿ. ವಾಪಸು ಕಳುಹಿಸುವ ಮುನ್ನ ಜ್ವರ ಇಳಿಸುವ ಔಷಧದ ನೆರವಿಲ್ಲದೆ 24 ಗಂಟೆ ಜ್ವರ ಬಾರದೆ ಇರಬೇಕು. ‘ಔಷಧದ ನೆರವಿಲ್ಲದೆ’ ಎಂಬುದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಪ್ಯಾರಾಸಿಟಮಾಲ್‌ನ ಪ್ರಭಾವ ಸುಮಾರು ನಾಲ್ಕರಿಂದ ಆರು ಗಂಟೆ. ಏಳೂವರೆಗೆ ಮಾತ್ರೆ ನುಂಗಿ ನಗುತ್ತ ಹೋದ ಮಗು ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತವರಿಗೂ ಸೋಂಕು ದಾಟಿರುತ್ತದೆ. ಮಾತ್ರೆ ಜ್ವರವನ್ನು ಇಳಿಸುತ್ತದೆ, ಹರಡುವುದನ್ನು ತಡೆಯುವುದಿಲ್ಲ.

ಕೆಲವು ಲಕ್ಷಣಗಳು ಕಂಡರೆ ಶಾಲೆಯ ಪ್ರಶ್ನೆಯೇ ಬರುವುದಿಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಬೇಕು: ಉಸಿರಾಡಲು ಕಷ್ಟ, ಕುತ್ತಿಗೆ ಬಿಗಿತದೊಂದಿಗೆ ಜ್ವರ, ಎಚ್ಚರಿಸಿದರೂ ಮಂಪರು, ಫಿಟ್ಸ್, ಗಾಜಿನ ಲೋಟದಿಂದ ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು, ಕುಡಿದದ್ದು ಏನೂ ನಿಲ್ಲದಂತೆ ವಾಂತಿ, ಎಂಟು ಗಂಟೆಯಾದರೂ ಮೂತ್ರ ಹೋಗದಿರುವುದು.

ಹೆಜ್ಜೆ 3: ಯಾವ ಕಾಯಿಲೆಗೆ ಎಷ್ಟು ದಿನ?

ದೇಶದಿಂದ ದೇಶಕ್ಕೆ, ಶಾಲೆಯಿಂದ ಶಾಲೆಗೆ ಸಣ್ಣ ವ್ಯತ್ಯಾಸಗಳಿವೆ. ನಿಮ್ಮ ವೈದ್ಯರ ಮಾತಿಗೆ ಮೊದಲ ಮಣೆ. ಆದರೂ ಮಕ್ಕಳ ಆರೋಗ್ಯ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವ ಅವಧಿಗಳು ಹೀಗಿವೆ.

ವಾಂತಿ-ಭೇದಿ: ಕೊನೆಯ ಬಾರಿ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯಬೇಕು. 24 ಗಂಟೆ ಸಾಕೆನ್ನುವ ಶಾಲೆಗಳೂ ಇವೆ. ನಾನು ಎರಡು ದಿನದ ಪರ. ಮಕ್ಕಳಲ್ಲಿ ವಾಂತಿ-ಭೇದಿ ತರುವ ನೋರೋವೈರಸ್ ಮಗು ಗೆಲುವಾದ ಮೇಲೂ ಮಲದಲ್ಲಿ ಹೊರಬರುತ್ತಿರುತ್ತದೆ, ಮತ್ತು ಇದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ ಕೈ ತೊಳೆಯುವುದೇ ದಾರಿ.

ಚಿಕನ್‌ಪಾಕ್ಸ್: ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ. ಸಾಮಾನ್ಯವಾಗಿ ಇದಕ್ಕೆ ಐದು ದಿನವಾದರೂ ಬೇಕು. ‘ಹೊಸದು ಏಳುತ್ತಿಲ್ಲ’ ಎಂದಷ್ಟೇ ನೋಡಿ ಕಳುಹಿಸಬೇಡಿ. ಒಂದು ಗುಳ್ಳೆಯಲ್ಲಿ ನೀರಿದ್ದರೂ ಹರಡುತ್ತದೆ. ಗುಳ್ಳೆ ಕಾಣಿಸುವ ಒಂದೆರಡು ದಿನ ಮೊದಲೇ ಇದು ಹರಡತೊಡಗುವುದರಿಂದ ಮೊದಲ ಗುಳ್ಳೆ ಕಂಡ ಕೂಡಲೇ ಶಾಲೆಗೆ ತಿಳಿಸುವುದು ಬಹಳ ಮುಖ್ಯ.

ದಡಾರ: ಮೈಮೇಲೆ ಗಂಧೆ ಎದ್ದ ದಿನದಿಂದ ನಾಲ್ಕು ದಿನ. ಮಕ್ಕಳ ಕಾಯಿಲೆಗಳಲ್ಲಿ ಇದರಷ್ಟು ವೇಗವಾಗಿ ಹರಡುವುದು ಇಲ್ಲವೆಂದೇ ಹೇಳಬಹುದು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ವೈರಸ್ ಉಳಿಯಬಲ್ಲದು. ಮಂಗಬಾವಿಗೆ, ಕೆನ್ನೆಯ ಊತ ಶುರುವಾದ ಮೇಲೆ ಐದು ದಿನ. ನಾಯಿಕೆಮ್ಮಿಗೆ ಆ್ಯಂಟಿಬಯಾಟಿಕ್ ಶುರುವಾಗಿ ಸಾಮಾನ್ಯವಾಗಿ ಐದು ದಿನ. ಔಷಧ ಪಡೆಯದಿದ್ದರೆ ಮೂರು ವಾರದವರೆಗೂ ಆಗಬಹುದು.

ಬ್ಯಾಕ್ಟೀರಿಯಾದಿಂದ ಬಂದ ಗಂಟಲುನೋವಿನಲ್ಲಿ, ಆ್ಯಂಟಿಬಯಾಟಿಕ್ ಶುರುಮಾಡಿ ಒಂದು ಪೂರ್ತಿ ದಿನ ಕಳೆದು ಜ್ವರವೂ ಬಿಟ್ಟಿದ್ದರೆ ಕಳುಹಿಸಬಹುದು. ಔಷಧವನ್ನು ಮಾತ್ರ ವೈದ್ಯರು ಬರೆದಷ್ಟು ದಿನ ಮುಗಿಸಿ. ತುರಿಕಜ್ಜಿಗೆ ಮೊದಲ ಬಾರಿ ಮುಲಾಮು ಹಚ್ಚುವ ಚಿಕಿತ್ಸೆ ಮುಗಿದ ಮರುದಿನ ಸಾಕು, ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕು. ಇಲ್ಲವಾದರೆ ಮನೆಯೊಳಗೇ ಸುತ್ತುತ್ತಿರುತ್ತದೆ. ಕಲುಷಿತ ನೀರು, ಆಹಾರದಿಂದ ಬರುವ ಕಾಮಾಲೆಗೆ, ಅಂದರೆ ಹೆಪಟೈಟಿಸ್ ‘ಎ’ಗೆ, ಕಣ್ಣು ಹಳದಿಯಾದ ದಿನದಿಂದ ಒಂದು ವಾರ. ಕ್ಷಯ, ಟೈಫಾಯ್ಡ್ ಇದ್ದಾಗ ಲೆಕ್ಕ ಹಾಕಬೇಕಾದವರು ವೈದ್ಯರು, ನೀವು ಅಂದಾಜಿಸಬೇಡಿ.

ಡೆಂಗಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಇದು ಮಗುವಿನಿಂದ ಮಗುವಿಗೆ ನೇರವಾಗಿ ಹರಡುವುದಿಲ್ಲ, ಸೊಳ್ಳೆಯೇ ಹರಡಬೇಕು. ಆದರೆ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿನಲ್ಲೇ, ಇದರ ಅಪಾಯದ ಘಟ್ಟ ಬರುತ್ತದೆ. ‘ಜ್ವರ ಬಿಟ್ಟಿತು, ಶಾಲೆಗೆ ಹೋಗಲಿ’ ಎಂಬ ಸಾಮಾನ್ಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು, ಮನೆಯಲ್ಲಿ ಉಳಿಸಿಕೊಳ್ಳಬೇಕಾಗಿಲ್ಲದ ತೊಂದರೆಗಳು. ತಲೆಯಲ್ಲಿ ಹೇನು ಕಂಡರೆ ಆ ಸಂಜೆಯೇ ಚಿಕಿತ್ಸೆ ಶುರುಮಾಡಿ, ಮರುದಿನ ಕಳುಹಿಸಿ. ಹೇನು ಕೊಳಕಿನ ಗುರುತೂ ಅಲ್ಲ, ರೋಗವೂ ಅಲ್ಲ. ಅದಕ್ಕಾಗಿ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ಅವಮಾನಿಸುವ ಪದ್ಧತಿ ನಿಲ್ಲಲೇಬೇಕು. ಜಂತುಹುಳು, ಮೈಮೇಲಿನ ನರುಳ್ಳೆಗೆ ರಜೆ ಬೇಡ. ಹುಳುಕಡ್ಡಿಗೆ ಚಿಕಿತ್ಸೆ ಶುರುವಾಗಿದ್ದರೆ ಸಾಕು. ಕೈ-ಕಾಲು-ಬಾಯಿ ರೋಗದಲ್ಲಿಯೂ ಮಗು ಗೆಲುವಾಗಿದ್ದು ಜ್ವರವಿಲ್ಲದಿದ್ದರೆ ತಡೆಯಬೇಕಾಗಿಲ್ಲ. ಕಣ್ಣುಬೇನೆಗೂ ಅಷ್ಟೇ ಎನ್ನುವ ಆರೋಗ್ಯ ಸಂಸ್ಥೆಗಳಿವೆ. ಆದರೆ ಅನೇಕ ಶಾಲೆಗಳು ಒಪ್ಪುವುದಿಲ್ಲ. ಇಲ್ಲಿ ಶಾಲೆಯ ನಿಯಮವನ್ನೇ ಪಾಲಿಸಿ, ವಾದ ಬೇಡ.

ಹೆಜ್ಜೆ 4: ಅಂದೇ ತಿಳಿಸಿ, ನಿಜ ತಿಳಿಸಿ

ತರಗತಿ ಶುರುವಾಗುವ ಮೊದಲೇ ಶಾಲೆಗೆ ಸುದ್ದಿ ಮುಟ್ಟಬೇಕು. ಇದನ್ನು ಬರೀ ಔಪಚಾರಿಕತೆ ಎಂದುಕೊಂಡವರೇ ಹೆಚ್ಚು, ಆದರೆ ಇದರ ಹಿಂದಿರುವುದು ಮಗುವಿನ ಸುರಕ್ಷತೆ. ಮನೆಯಿಂದ ಹೊರಟ ಮಗು ಶಾಲೆ ತಲುಪದೆ ಹೋದ ದಿನ ಮನೆಯವರು ಶಾಲೆಯಲ್ಲಿದೆ ಎಂದುಕೊಂಡಿರುತ್ತಾರೆ, ಶಾಲೆಯವರು ಮನೆಯಲ್ಲಿದೆ ಎಂದುಕೊಂಡಿರುತ್ತಾರೆ. ನೀವು ಪ್ರತಿ ರಜೆಯನ್ನೂ ತಪ್ಪದೆ ತಿಳಿಸುವವರಾದರೆ, ಸುದ್ದಿಯಿಲ್ಲದೆ ಮಗು ಬಾರದ ಒಂದು ದಿನ ಶಿಕ್ಷಕರಿಗೆ ಕೂಡಲೇ ಅನುಮಾನ ಬರುತ್ತದೆ, ಫೋನ್ ಬರುತ್ತದೆ. ಹೇಳದೆ ಕೇಳದೆ ರಜೆ ಹಾಕುವ ಮನೆಯ ಮಗುವಿಗೆ ಆ ರಕ್ಷಣೆ ಇಲ್ಲ.

ಸಂದೇಶ ಹೀಗಿರಲಿ:

“ನಮಸ್ಕಾರ ಮೇಡಂ. 5ನೇ ತರಗತಿ ‘ಬಿ’ ವಿಭಾಗದ (ಮಗುವಿನ ಹೆಸರು) ನಿನ್ನೆ ರಾತ್ರಿಯಿಂದ ವಾಂತಿ-ಭೇದಿಯಿಂದ ಬಳಲುತ್ತಿರುವುದರಿಂದ ಇಂದು ಶಾಲೆಗೆ ಬರುವುದಿಲ್ಲ. ಪೂರ್ತಿ ನಿಂತು ಎರಡು ದಿನವಾದ ಮೇಲೆ ಕಳುಹಿಸುತ್ತೇವೆ. ನಾಳೆ ಸಂಜೆ ಮತ್ತೆ ತಿಳಿಸುತ್ತೇನೆ. (ನಿಮ್ಮ ಹೆಸರು, ಮಗುವಿನೊಂದಿಗಿನ ಸಂಬಂಧ)”

‘ಹುಷಾರಿಲ್ಲ’ ಎಂದಷ್ಟೇ ಬರೆಯುವುದು ಸಾಲದು. ಹರಡುವ ಕಾಯಿಲೆಯಾದರೆ ಹೆಸರು ಹೇಳಿ. ಶಾಲೆಯಲ್ಲಿ ಬಸುರಿ ಶಿಕ್ಷಕಿ ಇರಬಹುದು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ, ರೋಗನಿರೋಧಕ ಶಕ್ತಿ ಕುಗ್ಗಿರುವ ಮಗು ಇರಬಹುದು. ಅಂಥವರಿಗೆ ಚಿಕನ್‌ಪಾಕ್ಸ್, ದಡಾರ ಪ್ರಾಣಕ್ಕೇ ಎರವಾಗಬಹುದು; ಬೇಗ ತಿಳಿದರೆ ಅವರು ವೈದ್ಯರನ್ನು ಕಂಡು ರಕ್ಷಣೆ ಪಡೆಯಬಹುದು. ಮಗುವಿನ ಹೆಸರು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುವುದು ಬೇಡವೆಂದಿದ್ದರೆ ಶಿಕ್ಷಕರಿಗೆ ಖಾಸಗಿಯಾಗಿ ಬರೆಯಿರಿ, ಗೋಪ್ಯವಾಗಿಡಿ ಎಂದೂ ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ.

ವಾಪಸು ಹೋಗುವ ದಿನ ರಜಾ ಚೀಟಿ ಬೇಕಾದರೆ ಉದ್ದುದ್ದ ಬರೆಯಬೇಕಾಗಿಲ್ಲ:

“ಮಾನ್ಯರೇ, ನನ್ನ ಮಗಳು (ಹೆಸರು), 5ನೇ ತರಗತಿ ‘ಬಿ’, (ದಿನಾಂಕ)ದಿಂದ (ದಿನಾಂಕ)ದವರೆಗೆ ವಾಂತಿ-ಭೇದಿಯಿಂದ ಬಳಲುತ್ತಿದ್ದ ಕಾರಣ ಶಾಲೆಗೆ ಹಾಜರಾಗಲು ಸಾಧ್ಯವಾಗಲಿಲ್ಲ. ಆ ಮೂರು ದಿನಗಳ ರಜೆಯನ್ನು ಮಂಜೂರು ಮಾಡಬೇಕಾಗಿ ವಿನಂತಿ. ವೈದ್ಯರ ಚೀಟಿಯ ಪ್ರತಿ ಲಗತ್ತಿಸಿದ್ದೇನೆ. ತಮ್ಮ ವಿಶ್ವಾಸಿ, (ಸಹಿ, ದಿನಾಂಕ)”

ಮದುವೆಗೋ ಪ್ರವಾಸಕ್ಕೋ ಹೋಗಿ ಬಂದು ‘ಜ್ವರ’ ಎಂದು ಬರೆಯಬೇಡಿ. ಮಗು ಆ ಚೀಟಿಯನ್ನು ಓದುತ್ತದೆ, ಅಪ್ಪ-ಅಮ್ಮ ಸಹಿ ಹಾಕಿದ ಸುಳ್ಳನ್ನು ತನ್ನ ಕೈಯಾರೆ ಶಿಕ್ಷಕರಿಗೆ ಕೊಡುತ್ತದೆ. ಮುಂದೆ ನಿಜವಾಗಿ ಜ್ವರ ಬಂದಾಗ ಆ ಪದಕ್ಕೆ ಬೆಲೆಯೂ ಇರುವುದಿಲ್ಲ.

ಹೆಜ್ಜೆ 5: ಮನೆಯಲ್ಲಿರುವ ದಿನಗಳು

ವಿಶ್ರಾಂತಿ, ನೀರು, ವಾಂತಿ-ಭೇದಿಯಾದರೆ ಓಆರ್‌ಎಸ್. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಪೂರ್ತಿ ಪೊಟ್ಟಣ ಕರಗಿಸಬೇಕು. ಸ್ವಲ್ಪ ಪುಡಿ, ಅಂದಾಜಿನ ನೀರು ಎಂದು ಬೆರೆಸಬಾರದು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ. ಫ್ಲೂ, ಚಿಕನ್‌ಪಾಕ್ಸ್ ಇದ್ದಾಗ ಅದು ಮಿದುಳು, ಯಕೃತ್ತಿಗೆ ಹಾನಿ ಮಾಡುವ ರೇಯ್ಸ್ ಸಿಂಡ್ರೋಮ್ ಎಂಬ ಅಪರೂಪದ, ಅಪಾಯಕಾರಿ ಸ್ಥಿತಿಗೆ ಕಾರಣವಾಗಬಹುದು.

ವೈದ್ಯರನ್ನು ಕಂಡಾಗಲೇ ಪ್ರಮಾಣಪತ್ರ ಕೇಳಿ. ಕಾಯಿಲೆ ಯಾವುದು, ಯಾವ ದಿನದಿಂದ ಯಾವ ದಿನದವರೆಗೆ ವಿಶ್ರಾಂತಿ ಬೇಕು, ಯಾವಾಗಿನಿಂದ ಶಾಲೆಗೆ ಹೋಗಬಹುದು, ಈ ಮೂರೂ ಇರಬೇಕು. ತಿಂಗಳ ನಂತರ ಹಿಂದಿನ ದಿನಾಂಕಕ್ಕೆ ಬರೆದುಕೊಡಿ ಎಂದು ಕೇಳುವುದು ಸರಿಯಲ್ಲ, ಅದು ನಡೆಯುವುದೂ ಇಲ್ಲ. ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ವರ್ಷದ ಕೊನೆಯಲ್ಲಿ ಹಾಜರಿ ಕಡಿಮೆಯೆಂಬ ಮಾತು ಬಂದಾಗ ಅದೇ ನಿಮ್ಮ ಆಧಾರ.

ತಪ್ಪಿದ ಪಾಠವನ್ನು ಜ್ವರದಲ್ಲೇ ಕುಳ್ಳಿರಿಸಿ ಬರೆಸಬೇಡಿ. ಚೇತರಿಸಿಕೊಂಡ ಮೇಲೆ ಶಿಕ್ಷಕರನ್ನು ‘ಇವುಗಳಲ್ಲಿ ಅತಿ ಮುಖ್ಯವಾದದ್ದು ಯಾವುದು’ ಎಂದು ಕೇಳಿ, ಅಷ್ಟನ್ನು ಮೊದಲು ಮಾಡಿಸಿ. ಗಣಿತದ ಹೊಸ ಅಧ್ಯಾಯವಾದರೆ ಟಿಪ್ಪಣಿ ನಕಲು ಮಾಡಿಕೊಂಡರೆ ಸಾಲದು, ಯಾರಾದರೂ ಕೂತು ಹೇಳಿಕೊಡಬೇಕು.

ಹೆಜ್ಜೆ 6: ವಾಪಸು ಕಳುಹಿಸುವಾಗ

ರಾತ್ರಿ ನಿದ್ದೆ ಬಂದಿದೆಯೇ, ಹಸಿವು ಮರಳಿದೆಯೇ, ಮನೆಯಲ್ಲಿ ಆಡುತ್ತಿದೆಯೇ ನೋಡಿ. ಆಟದ ಪಿರಿಯಡ್ ಒಂದು ವಾರ ಬೇಡವೆಂದಿದ್ದರೆ ಬರೆದು ಕೊಡಿ. ಮಗುವಿನ ಬಾಯಲ್ಲಿ ಹೇಳಿಕಳುಹಿಸಿದ್ದು ದಾರಿಯಲ್ಲೇ ಮರೆತುಹೋಗುತ್ತದೆ. ಔಷಧವನ್ನು ಸಾಧ್ಯವಾದಷ್ಟು ಶಾಲೆಯ ಸಮಯಕ್ಕೆ ಬಾರದಂತೆ ಹೊಂದಿಸಿಕೊಡಲು ವೈದ್ಯರನ್ನೇ ಕೇಳಿ. ಶಾಲೆಯಲ್ಲಿ ಕೊಡಲೇಬೇಕಾದರೆ ಮೂಲ ಡಬ್ಬಿಯಲ್ಲೇ, ಮಗುವಿನ ಹೆಸರು, ಪ್ರಮಾಣ, ಹೊತ್ತು ಬರೆದು, ನಿಮ್ಮ ಒಪ್ಪಿಗೆಯ ಸಹಿಯೊಂದಿಗೆ ಶಿಕ್ಷಕರ ಕೈಗೇ ಕೊಡಿ. ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಬೇಡಿ, ಇನ್ನೊಂದು ಮಗು ಮಿಠಾಯಿ ಎಂದುಕೊಂಡು ತಿನ್ನಬಹುದು. ಉಬ್ಬಸದ ಇನ್‌ಹೇಲರ್ ಮಾತ್ರ ಬೀಗ ಹಾಕಿದ ಕಪಾಟಿನಲ್ಲಿ ಇರಬಾರದು. ಬೇಕೆಂದ ಕ್ಷಣ ಕೈಗೆ ಸಿಗಬೇಕು.

ಹೆಜ್ಜೆ 7: ಹಾಜರಿಯ ಲೆಕ್ಕ ನೀವೇ ಇಟ್ಟುಕೊಳ್ಳಿ

ಹಾಜರಾದ ದಿನಗಳನ್ನು ಶಾಲೆ ನಡೆದ ದಿನಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಹಾಜರಿ ಸಿಗುತ್ತದೆ. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಕೇಳುವ ಮಂಡಳಿಗಳಿವೆ. ಭಾರತದ ಸಿಬಿಎಸ್‌ಇ ಹತ್ತು ಮತ್ತು ಹನ್ನೆರಡನೇ ತರಗತಿಗೆ ಇದೇ ನಿಯಮ ಇಟ್ಟಿದೆ.

ವರ್ಷಕ್ಕೆ 220 ದಿನ ಶಾಲೆ ನಡೆದರೆ ಶೇ 75 ಎಂದರೆ 165 ದಿನ. ‘ಹಾಗಾದರೆ 55 ದಿನ ರಜೆ ಹಾಕಬಹುದು’ ಎಂದು ಓದುವವರಿದ್ದಾರೆ. ಅದು ಪರೀಕ್ಷೆಯ ಬಾಗಿಲು ಮುಚ್ಚುವ ಗೆರೆ, ರಜೆಯ ಪಾಲು ಅಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ಶಾಲಾ ದಿನಗಳ ಶೇ 10ರಷ್ಟು ತಪ್ಪಿದರೇ ಅದನ್ನು ಗಂಭೀರ ಗೈರುಹಾಜರಿ ಎಂದು ಪರಿಗಣಿಸುತ್ತಾರೆ. 220ರಲ್ಲಿ ಅದು 22 ದಿನ, ಅಂದರೆ ತಿಂಗಳಿಗೆ ಬರೀ ಎರಡು ದಿನ! ‘ಒಂದು ದಿನ ತಾನೇ’ ಎಂಬುದು ತಿಂಗಳಿಗೆ ಎರಡು ಬಾರಿ ಬಂದರೆ ಆ ಗೆರೆ ಮುಟ್ಟಿದಂತೆಯೇ.

ನಡುವರ್ಷದಲ್ಲಿ ಲೆಕ್ಕ ಹಾಕಿ ನೋಡಿ. 140 ದಿನದಲ್ಲಿ ಮಗು 100 ದಿನ ಹೋಗಿದೆ ಎಂದುಕೊಳ್ಳಿ. ಹಾಜರಿ ಸುಮಾರು ಶೇ 71. ಉಳಿದಿರುವುದು 80 ದಿನ. 165 ತಲುಪಲು ಅದರಲ್ಲಿ 65 ದಿನ ಹೋಗಲೇಬೇಕು, ತಪ್ಪಬಹುದಾದದ್ದು 15 ಮಾತ್ರ. ಇದು ಕೊನೆಯ ತಿಂಗಳಲ್ಲಿ ಗೊತ್ತಾದರೆ ಮಾಡುವುದೇನೂ ಉಳಿದಿರುವುದಿಲ್ಲ. ದಿನಕ್ಕೆ ಹತ್ತು ನಿಮಿಷ ತಡವಾಗಿ ಹೋಗುವುದೂ ವರ್ಷದಲ್ಲಿ ಮೂವತ್ತಾರು ಗಂಟೆ ದಾಟುತ್ತದೆ. ದಿನಕ್ಕೆ ಐದು ಗಂಟೆ ಪಾಠವೆಂದರೆ ಏಳು ದಿನದ ಪಾಠ, ಅದೂ ಬಹುತೇಕ ಮೊದಲ ಪಿರಿಯಡ್‌ನ ಒಂದೇ ವಿಷಯದ್ದು.

ಮೊದಲೇ ಗೊತ್ತಿರುವ ರಜೆಗೆ ಮೊದಲೇ ಅನುಮತಿ ಪಡೆಯಿರಿ. ಹಲ್ಲಿನ ವೈದ್ಯರು, ಕಣ್ಣಿನ ಪರೀಕ್ಷೆ ಇವನ್ನು ಶಾಲೆ ಬಿಟ್ಟ ಮೇಲೆ ಅಥವಾ ರಜಾದಿನಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಸಾವಾದಾಗ ಮಾತ್ರ ಲೆಕ್ಕ ನೋಡಬೇಡಿ. ಶಿಕ್ಷಕರಿಗೆ ಒಂದು ಮಾತು ತಿಳಿಸಿ, ಮಗುವಿಗೆ ಬೇಕಾದಷ್ಟು ಹೊತ್ತು ಕೊಡಿ.

ಹೆಜ್ಜೆ 8: ದೀರ್ಘ ಕಾಯಿಲೆ ಇದ್ದರೆ

ಉಬ್ಬಸ, ಮಧುಮೇಹ, ಅಪಸ್ಮಾರ, ಹೃದಯದ ತೊಂದರೆ ಇರುವ ಮಗುವಿಗೆ ಪ್ರತಿ ಬಾರಿ ಬಿಡಿ ಬಿಡಿ ರಜಾ ಚೀಟಿ ಬರೆಯುವುದಕ್ಕಿಂತ ಮುಖ್ಯೋಪಾಧ್ಯಾಯರೊಂದಿಗೆ ಒಮ್ಮೆ ಕುಳಿತು ಒಂದು ಪುಟದ ಯೋಜನೆ ಮಾಡಿಕೊಳ್ಳಿ: ಯಾವ ಲಕ್ಷಣ ಕಂಡರೆ ಏನು ಮಾಡಬೇಕು, ಔಷಧ ಎಲ್ಲಿದೆ, ಯಾರಿಗೆ ಕರೆ ಮಾಡಬೇಕು, ಆಸ್ಪತ್ರೆಯ ದಿನಗಳಲ್ಲಿ ಪಾಠ ಹೇಗೆ ತಲುಪಬೇಕು. ಮುಟ್ಟಿನ ತೀವ್ರ ನೋವಿನಿಂದ ಪ್ರತಿ ತಿಂಗಳೂ ಶಾಲೆ ತಪ್ಪಿಸುವ ಹುಡುಗಿಯನ್ನು ‘ಎಲ್ಲರಿಗೂ ಇರುವುದೇ’ ಎಂದು ಸುಮ್ಮನಾಗಿಸಬೇಡಿ, ವೈದ್ಯರಿಗೆ ತೋರಿಸಿ. ಅದಕ್ಕೆ ಚಿಕಿತ್ಸೆಯಿದೆ.

ಹೆಜ್ಜೆ 9: ಕಾಯಿಲೆಯ ಹಿಂದೆ ಬೇರೇನೋ ಇದೆಯೇ?

ನನ್ನ ಮಟ್ಟಿಗೆ ಈ ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ಕ್ಯಾಲೆಂಡರಿನಲ್ಲಿ ರಜೆಯ ದಿನಗಳಿಗೆ ಗುರುತು ಹಾಕಿ ನೋಡಿ. ಸೋಮವಾರಗಳೇ ಹೆಚ್ಚೇ? ಕಿರುಪರೀಕ್ಷೆಯ ದಿನಗಳೇ? ಆಟದ ಪಿರಿಯಡ್ ಇರುವ ದಿನವೇ? ಹೊಟ್ಟೆನೋವು ಬೆಳಗ್ಗೆ ಎಂಟಕ್ಕೆ ಬಂದು ಹತ್ತಕ್ಕೆ ಹೋಗಿ, ಭಾನುವಾರ ಬರುವುದೇ ಇಲ್ಲವೇ?

ಹಾಗಿದ್ದರೂ ‘ನಾಟಕ’ ಎನ್ನಬೇಡಿ. ಭಯ, ಆತಂಕದಿಂದ ಬರುವ ಹೊಟ್ಟೆನೋವಿನಲ್ಲಿ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ದೇಹದಲ್ಲಿ ಕಾರಣವಿಲ್ಲವೆಂದು ಖಚಿತವಾದರೆ ಮಾತನಾಡಿ. ‘ಯಾಕೆ ಹೋಗುವುದಿಲ್ಲ?’ ಎಂಬ ಪ್ರಶ್ನೆಗೆ ಮಕ್ಕಳು ಉತ್ತರ ಕೊಡುವುದಿಲ್ಲ. ‘ಊಟ ಯಾರ ಜೊತೆ ಮಾಡುತ್ತೀಯ?’, ‘ಬಸ್ಸಿನಲ್ಲಿ ಪಕ್ಕ ಯಾರು ಕೂರುತ್ತಾರೆ?’, ‘ಶೌಚಾಲಯಕ್ಕೆ ಹೋಗಲು ಬಿಡುತ್ತಾರಾ, ಬಾಗಿಲಿಗೆ ಚಿಲಕ ಇದೆಯಾ?’ ಎಂದು ಕೇಳಿದರೆ ಒಂದೊಂದಾಗಿ ಹೊರಬರುತ್ತದೆ. ಹಿರಿಯ ಮಕ್ಕಳ ಕಾಟ, ಎಲ್ಲರ ಮುಂದೆ ಬೈಯುವ ಶಿಕ್ಷಕರು, ಬೋರ್ಡ್ ಸರಿಯಾಗಿ ಕಾಣದ ಕಣ್ಣು, ಅಕ್ಷರ ಜೋಡಿಸಿ ಓದಲಾಗದ ಸಂಕಟ, ಯಾರೋ ಮುಟ್ಟಬಾರದಂತೆ ಮುಟ್ಟಿದ್ದು, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲವೆಂಬ ಚಿಂತೆ, ಇವುಗಳಲ್ಲಿ ಯಾವುದೂ ಇರಬಹುದು.

ಕಾರಣ ಸಿಕ್ಕಿದರೆ ಶಾಲೆಗೆ ಹೋಗಿ ಶಾಂತವಾಗಿ ಹೇಳಿ, ಏನು ಬದಲಾಗಬೇಕೆಂದು ಬರೆದು ಕೊಡಿ. ಮಗುವಿಗೆ ಅಲ್ಲಿ ಅಪಾಯವಿಲ್ಲವೆಂದಾದರೆ ಹೆಚ್ಚು ದಿನ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ತಪ್ಪಿಸಿಕೊಂಡ ಪ್ರತಿ ದಿನವೂ ಮರಳುವುದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಒಂದೆರಡು ಪಿರಿಯಡ್‌ಗಾದರೂ ಸರಿ, ನಂಬುವ ಒಬ್ಬ ಶಿಕ್ಷಕರು ಗೇಟಿನಲ್ಲೇ ಬರಮಾಡಿಕೊಳ್ಳುವಂತೆ ಏರ್ಪಾಡು ಮಾಡಿ ಶುರುಮಾಡಿ. ಎರಡು ವಾರದಲ್ಲಿ ಸುಧಾರಿಸದಿದ್ದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.

ಹೆಜ್ಜೆ 10: ಶಾಲೆಯಿಂದ ಎಚ್ಚರಿಕೆಯ ಪತ್ರ ಬಂದರೆ

ಕೋಪ ಬೇಡ, ಸುಮ್ಮನಿರುವುದೂ ಬೇಡ. ಮೊದಲು ಹಾಜರಿ ಪುಸ್ತಕದ ದಿನಾಂಕಗಳನ್ನು ಕೇಳಿ ಪಡೆದು ನಿಮ್ಮ ಕ್ಯಾಲೆಂಡರಿನೊಂದಿಗೆ ಹೋಲಿಸಿ. ಶಾಲೆಯ ಪರವಾಗಿಯೇ ಸ್ಪರ್ಧೆಗೆ ಹೋದ ದಿನ ಗೈರೆಂದು ಬರೆದಿರುವುದುಂಟು, ತಡವಾಗಿ ಬಂದ ದಿನ ಪೂರ್ತಿ ಗೈರಾಗಿರುವುದುಂಟು. ತಪ್ಪಿದ್ದರೆ ದಿನಾಂಕ ಸಹಿತ ಬರಹದಲ್ಲಿ ತಿಳಿಸಿ, ತಿದ್ದಿದ್ದನ್ನು ನೋಡಿ ಖಚಿತಪಡಿಸಿಕೊಳ್ಳಿ. ಕಾಯಿಲೆಯಿಂದ ಹಾಜರಿ ಕಡಿಮೆಯಾಗಿದ್ದರೆ ಪ್ರಮಾಣಪತ್ರಗಳ ಪ್ರತಿ ಸೇರಿಸಿ ವಿನಾಯಿತಿಗೆ ಅರ್ಜಿ ಕೊಡಿ. ಅನೇಕ ಮಂಡಳಿಗಳಲ್ಲಿ ಇದಕ್ಕೆ ಅವಕಾಶವಿದೆ, ಆದರೆ ಕೊನೆಯ ದಿನಾಂಕವೂ ಇರುತ್ತದೆ. ಅರ್ಜಿ ಸ್ವೀಕರಿಸಿದ್ದಕ್ಕೆ ಕಚೇರಿಯಿಂದ ಸಹಿ, ಮೊಹರು ಇರುವ ಪ್ರತಿಯನ್ನು ಪಡೆದುಕೊಂಡೇ ಮನೆಗೆ ಬನ್ನಿ.